ಜಿಂಕೆ ನಿಲ್ಲುವ ದೂರ

ಮಸ್ಕತ್ತಿನ ಅಲ್ ಮಬೇಲಾದ ವರ್ಕ್‌ಶಾಪುಗಳ ಬೀದಿಯಲ್ಲಿ ಟೈರಿನಂಗಡಿಗಳು ಮುಗಿದು ಗ್ಯಾರೇಜುಗಳು ಶುರುವಾಗುವ ಕಡೆ ಭೀಮಪ್ಪ ನಾಯಕ ಕೆಲಸ ಮಾಡುವ ಲೇಥ್ ವರ್ಕ್‌ಶಾಪು ಇದೆ. ತೋಟದ ಪಂಪುಗಳ ಶಾಫ್ಟು, ಜೆಸಿಬಿಗಳ ಪಿನ್ನು, ಹಳೆಯ ಲಾರಿಗಳ ಬುಶ್ಶು ಅಲ್ಲಿಗೆ ಬರುತ್ತವೆ. ಭೀಮಪ್ಪ ಅಲ್ಲಿನ ಸೂಪರ್‌ವೈಸರ್. ಮುಧೋಳದ ಕಡೆಯವನು. ಬಾಗಲಕೋಟೆಯಲ್ಲಿ ಡಿಪ್ಲೊಮಾ ಮುಗಿಸಿ, ಊರ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದು, ಗೆಳೆಯನೊಬ್ಬನ ಮಾತು ಕೇಳಿ ಮಸ್ಕತ್ತಿಗೆ ಬಂದವನು ಇಲ್ಲೇ ನಿಂತುಬಿಟ್ಟ. ಆಮೇಲೆ ಹೆಂಡತಿ ಹುಲಿಗೆವ್ವ ಬಂದಳು, ಮಗಳು ಪ್ರಿಯಾಂಕಾ ಇಲ್ಲಿಯೇ ಶಾಲೆಗೆ ಸೇರಿದಳು. ವರ್ಕ್‌ಶಾಪಿನ ಹಿಂದಿನ ಬೀದಿಯಲ್ಲೇ ಅವರ ಫ್ಲಾಟು.

ಭೀಮಪ್ಪನ ಬಾಯಿಂದ ‘ಗೊತ್ತಿಲ್ಲ’ ಎನ್ನುವ ಮಾತು ಸುಲಭಕ್ಕೆ ಹೊರಡುತ್ತಿರಲಿಲ್ಲ. ಗಿರಾಕಿ ಕಂಡು ಕೇಳರಿಯದ ಯಂತ್ರದ ಭಾಗವೊಂದನ್ನು ತಂದು ಮೇಜಿನ ಮೇಲಿಟ್ಟರೂ ಅವನು ಅದನ್ನು ಆಚೀಚೆ ತಿರುಗಿಸಿ, “ಆಗ್ತದೆ, ನಾಡಿದ್ದು ಬನ್ನಿ” ಎಂದುಬಿಡುತ್ತಿದ್ದ. ಆಮೇಲೆ ಅವರಿವರನ್ನು ಕೇಳಿ, ಫೋನಿನಲ್ಲಿ ವಿಡಿಯೊ ನೋಡಿ, ಒಂದೆರಡು ತುಂಡು ಕೆಡಿಸಿ, ಹೇಗೋ ಮಾಡಿ ಕೊಡುತ್ತಿದ್ದ. ಹೆಚ್ಚಿನ ಸಲ ಸರಿಹೋಗುತ್ತಿತ್ತು. ಕೋವಿಯ ವಿಷಯದಲ್ಲಿಯೂ ಆದದ್ದು ಇದೇ.

ಚಳಿಗಾಲದ ಒಂದು ಗುರುವಾರ ವರ್ಕ್‌ಶಾಪಿನ ಮಾಲೀಕ ಅಬ್ದುಲ್ಲಾ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಕಾರಿನಿಂದ ತಾನೇ ಎತ್ತಿಕೊಂಡು ಒಳಗೆ ಬಂದ. ಅರುವತ್ತು ದಾಟಿದ ಮನುಷ್ಯ. ಸರಕಾರಿ ನೌಕರಿಯಿಂದ ನಿವೃತ್ತನಾದ ಮೇಲೆ ತಿಂಗಳಿಗೊಮ್ಮೆ ಲೆಕ್ಕ ನೋಡಲು ಬರುವುದು ಬಿಟ್ಟರೆ ವರ್ಕ್‌ಶಾಪಿನ ಕಡೆ ತಲೆ ಹಾಕುತ್ತಿರಲಿಲ್ಲ. ಆಫೀಸು ಕೋಣೆಯ ಬಾಗಿಲು ಮುಂದೆ ಮಾಡಿ ಕಂಬಳಿ ಬಿಚ್ಚಿದ. ಒಳಗಿದ್ದದ್ದು ಹಳೆಯ ಚಕಮಕಿ ಕೋವಿ. ಬಾಯಿಯಿಂದ ಮದ್ದು ಸುರಿದು, ಗುಂಡು ಇಟ್ಟು, ಗಜವೆನ್ನುವ ಉದ್ದ ಸಲಾಕೆಯಿಂದ ಜಡಿದು ತುಂಬಬೇಕಾದದ್ದು. ಬೆರಳಿನಿಂದ ಕುದುರೆ ಎಳೆದರೆ, ಮೇಲಿನ ಕೊಕ್ಕಿನಲ್ಲಿ ಸಿಕ್ಕಿಸಿದ ಚಕಮಕಿ ಕಲ್ಲು ಉಕ್ಕಿನ ತಗಡಿಗೆ ಹೊಡೆದು ಕಿಡಿ ಬಿದ್ದು ಈಡಾಗುವ ತರಹದ್ದು. ಮರದ ಹಿಡಿಗೆ ಅಲ್ಲಲ್ಲಿ ಬೆಳ್ಳಿ ತಗಡು ಹೊಡೆದಿತ್ತು. ನಳಿಗೆಯ ತುದಿಯಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಬೆಳ್ಳಿಯ ಮಣಿ, ಹಿಂದೆ ಕಣ್ಣಿನ ಹತ್ತಿರ ಒಂದು ಸಣ್ಣ ಕಚ್ಚು. ಕಚ್ಚಿನೊಳಗೆ ಮಣಿಯನ್ನು ಕೂರಿಸಿ ನೋಡಿದರೆ ಗುರಿ.

ಅವರಿಬ್ಬರೂ ಮಾತಾಡುವುದು ಗಲ್ಫಿನಲ್ಲಿ ಎಲ್ಲರೂ ಆಡುವ ಅರಬ್ಬಿ ಬೆರೆತ ಹಿಂದಿಯಲ್ಲಿ. ಭೀಮಪ್ಪನ ಹೆಸರು ಅಬ್ದುಲ್ಲಾನ ಬಾಯಲ್ಲಿ ಬೀಮಾ ಆಗಿತ್ತು.

“ನನ್ನ ಅಜ್ಜನದು ಬೀಮಾ. ಅಪ್ಪನಿಗೆ ಬಂತು, ಈಗ ನನ್ನದು. ಊರಿನಲ್ಲಿ ಇದಕ್ಕೊಂದು ಹೆಸರು ಇಟ್ಟಿದ್ದಾರೆ. ಕದ್ದಾಬಾ.”

ಕದ್ದಾಬಾ ಎಂದರೆ ಸುಳ್ಳುಬುರುಕಿ. ಅಬ್ದುಲ್ಲಾನ ಊರು ರುಸ್ತಾಕ್ ದಾಟಿ ಬೆಟ್ಟದ ಬುಡದಲ್ಲಿದೆ. ಈದ್ ಹಬ್ಬದ ಮಾರನೆಯ ದಿನ ಊರಿನ ಗಂಡಸರು ಅಲ್ಲಿ ಒಣಹೊಳೆಯ ದಂಡೆಯಲ್ಲಿ ಸೇರಿ ಎದುರು ಗುಡ್ಡದ ಬಿಳಿ ಬಂಡೆಯೊಂದಕ್ಕೆ ಗುರಿ ಹೊಡೆಯುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಅಬ್ದುಲ್ಲಾ ಪ್ರತಿ ವರ್ಷವೂ ಈ ಕೋವಿಯಿಂದ ಹೊಡೆದಿದ್ದಾನೆ, ಒಮ್ಮೆಯೂ ಗುಂಡು ಬಂಡೆಗೆ ತಾಗಿಲ್ಲ. ಕೋವಿಯೇ ಸರಿಯಿಲ್ಲ, ಅದು ತೋರಿಸುವುದು ಒಂದು ಕಡೆ, ಹೊಡೆಯುವುದು ಇನ್ನೊಂದು ಕಡೆ ಎಂದು ಊರಲ್ಲೆಲ್ಲ ಮಾತಾಗಿದೆ.

“ನಿನಗೆ ಕೋವಿ ಗೊತ್ತೇನು?” ಅಬ್ದುಲ್ಲಾ ಕೇಳಿದ.

ಗೊತ್ತಿಲ್ಲ ಎನ್ನಬಹುದಿತ್ತು. ಭೀಮಪ್ಪ ಕೋವಿಯ ನಳಿಗೆಯ ಮೇಲೆ ಬೆರಳಾಡಿಸುತ್ತ, “ನಮ್ಮದು ಬೇಟೆಗಾರರ ಕುಲ” ಎಂದ.

ಆ ಮಾತೇನೋ ನಿಜ. ಭೀಮಪ್ಪನವರು ಬ್ಯಾಡರು. ಅವನ ಊರು ಹಲಗಲಿಗೆ ದೂರವಲ್ಲ. ಕಂಪನಿ ಸರಕಾರ ಹತಾರ ಒಪ್ಪಿಸಿರೆಂದಾಗ ಒಪ್ಪಿಸದೆ ಹೋದ ಹಲಗಲಿಯವರ ಸುದ್ದಿಯನ್ನು ಮನೆಯ ಹಿರಿಯರು ನಿನ್ನೆ ಮೊನ್ನೆ ನಡೆದದ್ದೆಂಬಂತೆ ಹೇಳುತ್ತಿದ್ದರು. ಆದರೆ ಭೀಮಪ್ಪ ಹುಟ್ಟುವ ಹೊತ್ತಿಗೆ ಮನೆಯಲ್ಲಿ ಉಳಿದದ್ದು ಹಿಡಿಯಿಲ್ಲದ, ತುಕ್ಕು ತಿಂದ ಒಂದು ನಳಿಗೆ ಮಾತ್ರ. ಅದು ದೇವರ ಜಗಲಿಯ ಮೇಲೆ ಇರುತ್ತಿತ್ತು. ಮಹಾನವಮಿಗೆ ಅದಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದರು. ಅಪ್ಪ ಸಣ್ಣ ಸಾಲೆಯಲ್ಲಿ ಮಾಸ್ತರ. ಭೀಮಪ್ಪ ಜೀವಮಾನದಲ್ಲಿ ಒಂದು ಈಡನ್ನೂ ಹೊಡೆದವನಲ್ಲ, ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಛರ್ರಾ ಬಂದೂಕು ಕೂಡ ಹಿಡಿದವನಲ್ಲ. ಅದನ್ನು ಅವನು ಹೇಳಲಿಲ್ಲ.

“ಹಾಗಾದರೆ ನಾನು ಸರಿಯಾದ ಮನುಷ್ಯನ ಹತ್ತಿರ ಬಂದಿದ್ದೇನೆ” ಎಂದ ಅಬ್ದುಲ್ಲಾ.

ಭೀಮಪ್ಪ ಒಂದನ್ನು ಮಾತ್ರ ಗಟ್ಟಿಯಾಗಿ ಹೇಳಿದ. ಪರವಾನಗಿ ನೋಡದೆ ಕೋವಿ ಮುಟ್ಟುವುದಿಲ್ಲ, ಕೋವಿಯನ್ನು ವರ್ಕ್‌ಶಾಪಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಯಾವ ಕಾರಣಕ್ಕೂ ತಾನು ಕುದುರೆ ಎಳೆಯುವುದಿಲ್ಲ. ಪರದೇಶದವನು, ವೀಸಾದ ಮೇಲಿರುವವನು. ಅಬ್ದುಲ್ಲಾ ನಕ್ಕು ಕಿಸೆಯಿಂದ ಪರವಾನಗಿ ಕಾರ್ಡು ತೆಗೆದು ತೋರಿಸಿದ. ಕೆಲಸ ಮುಗಿಯುವವರೆಗೆ ಅಲ್ಲೇ ಕುರ್ಚಿ ಹಾಕಿಕೊಂಡು ಕೂತ.

ಭೀಮಪ್ಪ ತನಗೆ ಗೊತ್ತಿದ್ದ ಕೆಲಸದಿಂದ ಶುರು ಮಾಡಿದ. ನಳಿಗೆಯೊಳಗೆ ಬಿಸಿನೀರು ಹೊಯ್ದು ವರ್ಷಗಳ ಮಸಿ ತೊಳೆದ. ಬೆಳಕಿಗೆ ಹಿಡಿದು ಒಳಗೆ ನೋಡಿದ. ಸವೆದ ಸುರುಳಿ ಗೀರುಗಳು ಕಂಡವು, ಡೊಂಕು ಕಾಣಲಿಲ್ಲ. ಬೆಂಕಿ ಒಳಹೋಗುವ ಸಣ್ಣ ತೂತು ಅರ್ಧ ಮುಚ್ಚಿತ್ತು, ತಂತಿಯಿಂದ ಬಿಡಿಸಿದ. ಚಕಮಕಿ ಕಲ್ಲಿನ ಅಂಚು ಮೊಂಡಾಗಿತ್ತು. ಮದ್ದು ತುಂಬದೆ ಒಣ ಕುದುರೆ ಎಳೆಯಲು ಅಬ್ದುಲ್ಲಾನಿಗೆ ಹೇಳಿದರೆ ಕಿಡಿ ಒಂದೆರಡು ಉದುರಿ ಆರಿದವು. ಬೇರೆ ಕಲ್ಲು ಸಿಕ್ಕಿಸಿದ ಮೇಲೆ ಕೋಣೆಯ ಮಬ್ಬಿನಲ್ಲಿ ಸುರುಸುರುಬತ್ತಿ ಹಚ್ಚಿದಂತೆ ಕಿಡಿ ಬಿದ್ದವು. ಅಬ್ದುಲ್ಲಾನ ಮುಖ ಅರಳಿತು.

ಅಂದು ರಾತ್ರಿ ಊಟಕ್ಕೆ ಕೂತಾಗ ಹುಲಿಗೆವ್ವ ಸುದ್ದಿ ಕೇಳಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

“ನೀವು? ಕ್ವಾವಿ ಗುರಿ ಕೂಡ್ಸೋದು?”

“ಯಾಕ, ಏನಾತು?”

“ಕಲ್ಲು ಒಗದು ಮಾವಿನಕಾಯಿ ಬೀಳ್ಸಾಕ ಬರಂಗಿಲ್ಲ ನಿಮಗ. ನಮ್ಮಪ್ಪನ ತ್ವಾಟದಾಗ ನಾ ನೋಡಿಲ್ಲೇನು? ಹೇಳಿಬಿಡ್ರಿ ಆ ಯಜಮಾನಗ, ನನಗ ಗೊತ್ತಿಲ್ಲ ಅಂತ.”

“ಗುರಿ ಹೊಡ್ಯಾಂವ ಅವನ. ನಾ ಬರೇ ರಿಪೇರಿ ಮಾಡಾಂವ.”

“ಹೇಳಿದ್ದು ಹಂಗಲ್ಲಲ್ಲ ಮತ್ತ” ಎಂದು ಹುಲಿಗೆವ್ವ ಮುಂದಿನ ರೊಟ್ಟಿಗೆ ಹಿಟ್ಟು ತಗೊಂಡಳು.

ಮುಂದಿನ ಶುಕ್ರವಾರ ಬೆಳಿಗ್ಗೆ ಅಬ್ದುಲ್ಲಾನ ಲ್ಯಾಂಡ್‌ಕ್ರೂಸರಿನಲ್ಲಿ ಇಬ್ಬರೂ ಬೆಟ್ಟದ ಬುಡದ ಊರಿಗೆ ಹೋದರು. ಊರಾಚೆ, ಖರ್ಜೂರದ ತೋಟ ಮುಗಿದ ಮೇಲೆ ಅಗಲವಾದ ಒಣಹೊಳೆ. ಆಚೆ ದಂಡೆಯ ಗುಡ್ಡದಲ್ಲಿ, ದೂರದಲ್ಲಿ, ಈದಿನ ಬಿಳಿ ಬಂಡೆ ಕಾಣುತ್ತಿತ್ತು. ಅದರ ಮುಂದೆ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ನಿಲ್ಲಿಸಿ, ನಡುವೆ ಇದ್ದಿಲಿನಿಂದ ಕಪ್ಪು ಗುರುತು ಹಾಕಿದರು. ಈಚೆ ಬಂಡೆಯೊಂದರ ಮೇಲೆ ಮರಳಿನ ಚೀಲ ಇಟ್ಟು ಕೋವಿಗೆ ಆಸರೆ ಮಾಡಿದರು. ಭೀಮಪ್ಪ ಫೋನಿನಲ್ಲಿ ನೋಡಿ ಕಲಿತದ್ದು ಅದು. ಕೈಯಲ್ಲಿ ಹಿಡಿದು ಹೊಡೆದರೆ ತಪ್ಪು ಕೈಯದ್ದೋ ಕೋವಿಯದ್ದೋ ತಿಳಿಯುವುದಿಲ್ಲ.

ಅಬ್ದುಲ್ಲಾ ಅಂಗೈಗೆ ಮದ್ದು ಸುರಿದುಕೊಂಡು ನಳಿಗೆಗೆ ಹಾಕಿದ. ಚಿಂದಿ ಬಟ್ಟೆ ಸುತ್ತಿದ ಸೀಸದ ಗುಂಡನ್ನು ಗಜದಿಂದ ತಳ್ಳಿದ. ಬೆಂಕಿಯ ತೂತಿನ ಪಕ್ಕದ ಪುಟ್ಟ ಬಟ್ಟಲಿಗೆ ರಂಜಕ, ಎಂದರೆ ಕಿಡಿ ಹತ್ತಿಸುವ ನುಣ್ಣನೆಯ ಮದ್ದು, ಒಂದು ಚಿಟಿಕೆ ಉದುರಿಸಿ, ತಗಡು ಮುಚ್ಚಿ, ಮಂಡಿಯೂರಿ ಕೂತು ಕುದುರೆ ಎಳೆದ. ಬಟ್ಟಲಲ್ಲಿ ಭುಗಿಲ್ಲೆಂದಿತು, ಒಂದು ಉಸಿರಿನಷ್ಟು ತಡೆದು ಕೋವಿ ಗುಡುಗಿತು. ಬಿಳಿಯ ಹೊಗೆ ಕವಿದು ಎದುರು ಏನೂ ಕಾಣಲಿಲ್ಲ. ಹೊಗೆ ಸರಿದ ಮೇಲೆ ನೋಡಿದರೆ ರಟ್ಟು ಹಾಗೇ ನಿಂತಿತ್ತು. ಗುಂಡು ಬಹಳ ಕೆಳಗೆ, ಎಡಕ್ಕೆ, ಜಲ್ಲಿಯಲ್ಲಿ ದೂಳೆಬ್ಬಿಸಿತ್ತು. ಎರಡನೆಯದು ಬಲಕ್ಕೆ. ಮೂರನೆಯದು ಬಂಡೆಯ ಮೇಲಿಂದ ಹಾದು ಎತ್ತಲೋ ಹೋಯಿತು.

“ನೋಡಿದೆಯಾ? ಸುಳ್ಳುಬುರುಕಿ!” ಅಬ್ದುಲ್ಲಾ ಒಂದು ಬಗೆಯ ಸಮಾಧಾನದಿಂದಲೇ ಹೇಳಿದ.

ಭೀಮಪ್ಪ ಕೋವಿಗಿಂತ ಹೆಚ್ಚಾಗಿ ಅಬ್ದುಲ್ಲಾನ ಅಂಗೈಯನ್ನು ನೋಡುತ್ತಿದ್ದ. ಒಮ್ಮೆ ಅಂಗೈ ತುಂಬ ಮದ್ದು, ಇನ್ನೊಮ್ಮೆ ಅದರ ಮುಕ್ಕಾಲು. ಗಾಳಿ ಬೀಸಿದಾಗ ಸ್ವಲ್ಪ ಹಾರಿಯೂ ಹೋಗುತ್ತಿತ್ತು. ಪ್ರತಿ ಸಲ ಬೇರೆ ಅಡುಗೆ ಮಾಡಿ ಒಂದೇ ರುಚಿ ಬರಲಿಲ್ಲ ಎಂದರೆ ಹೇಗೆ ಎನಿಸಿತು. ಮರುದಿನ ಲೇಥಿನಲ್ಲಿ ಹಿತ್ತಾಳೆಯದೊಂದು ಸಣ್ಣ ಅಳತೆಯ ಲೋಟ ತಿರುವಿದ. ಮಾಲೀಕನಿಗೆ ಕೊಟ್ಟು, “ಇನ್ನು ಮೇಲೆ ಅಂಗೈ ಬೇಡ. ಇದರಲ್ಲಿ ಅಂಚು ಸಮ ಮಾಡಿ ಹಾಕಿ. ಗುಂಡಿಗೆ ಸುತ್ತುವ ಬಟ್ಟೆಯೂ ಒಂದೇ ದಪ್ಪದ್ದು ಇರಲಿ” ಎಂದ.

ಎರಡನೆಯ ಶುಕ್ರವಾರ ಕೋವಿಯ ಸ್ವಭಾವವೇ ಬದಲಾದಂತೆ ಕಂಡಿತು. ಮೊದಲ ಗುಂಡು ರಟ್ಟಿಗಿಂತ ಆಳೆತ್ತರ ಕೆಳಗೆ ಬಿತ್ತು. ಎರಡನೆಯದು ಅದರ ಪಕ್ಕದಲ್ಲೇ. ಮೂರನೆಯದೂ ನಾಲ್ಕನೆಯದೂ ಅಲ್ಲಲ್ಲಿಯೇ. ಬಂಡೆಗೆ ಒಂದೂ ತಾಗಲಿಲ್ಲ, ಆದರೆ ಎಲ್ಲವೂ ಒಂದು ಕಂಬಳಿ ಹಾಸಿನೊಳಗೆ ಬಿದ್ದಿದ್ದವು.

“ಈಗ ಕೋವಿ ಒಂದೇ ಮಾತು ಹೇಳ್ತಾ ಇದೆ” ಎಂದ ಭೀಮಪ್ಪ. “ಕೆಳಗೆ ಹೋಗ್ತದೆ, ಅಷ್ಟೆ. ತುದಿಯ ಮಣಿಯನ್ನು ಅರದಿಂದ ಸ್ವಲ್ಪ ತಗ್ಗಿಸಿದರೆ, ಅದನ್ನು ಕಚ್ಚಿನಲ್ಲಿ ಕೂರಿಸಲು ನಳಿಗೆಯ ಮೂತಿ ಮೇಲೆತ್ತಬೇಕಾಗ್ತದೆ. ಗುಂಡು ಮೇಲೆ ಹೋಗ್ತದೆ.”

“ಹಾಗಾದರೆ ತಗ್ಗಿಸು. ಯಲ್ಲಾ, ಶುರು ಮಾಡು.”

ಭೀಮಪ್ಪ ಚೀಲದಿಂದ ಸಣ್ಣ ಅರ ತೆಗೆದ. ಮಣಿಯ ಹತ್ತಿರ ಕಣ್ಣು ಒಯ್ದಾಗ ಅದರ ನೆತ್ತಿಯ ಮೇಲೆ ಹಳೆಯ ಅರದ ಗೀರುಗಳು ಕಂಡವು. ನವಿರಾಗಿ, ಅವಸರವಿಲ್ಲದೆ ಎಳೆದಂಥವು. ಯಾರೋ ಇದನ್ನು ಬೇಕೆಂದೇ ಇಷ್ಟಕ್ಕೆ ನಿಲ್ಲಿಸಿದ್ದಾರೆ ಎನಿಸಿ ಅವನು ಅರವನ್ನು ಮಣಿಗೆ ತಾಗಿಸದೆ ಹಾಗೇ ಹಿಡಿದುಕೊಂಡಿದ್ದ. ಆಗಲೇ ಹಿಂದಿನಿಂದ ಯಾರೋ ಕೂಗಿದರು.

ತೋಟದ ಕಡೆಯಿಂದ ಕೋಲೂರಿಕೊಂಡು ಬಂದ ಮುದುಕ ಖಲ್ಫಾನ್, ಅಬ್ದುಲ್ಲಾನ ಅಣ್ಣ. ಎಪ್ಪತ್ತೈದರ ಆಸುಪಾಸು. ಬಲಗೈ ನಿಂತಲ್ಲೇ ನಡುಗುತ್ತಿತ್ತು. ಅಣ್ಣತಮ್ಮಂದಿರು ಮದುವೆಯಲ್ಲಿ, ಸಾವಿನ ಮನೆಯಲ್ಲಿ ಸಲಾಮು ಹೇಳಿಕೊಳ್ಳುವುದು ಬಿಟ್ಟರೆ ಮಾತಾಡುವುದಿಲ್ಲವೆಂದು ಭೀಮಪ್ಪನಿಗೆ ವರ್ಕ್‌ಶಾಪಿನಲ್ಲಿ ಕೇಳಿ ಗೊತ್ತಿತ್ತು. ಅಪ್ಪ ತೋಟವನ್ನು ಹಿರಿಯನಿಗೂ ಕೋವಿಯನ್ನು ಕಿರಿಯನಿಗೂ ಕೊಟ್ಟದ್ದೇ ಅದಕ್ಕೆ ಕಾರಣ. ತೋಟ ಬೇಕಿದ್ದವನಿಗೆ ಕೋವಿ ಸಿಕ್ಕಿತ್ತು, ಕೋವಿಯ ಜೊತೆ ಬೆಳೆದವನಿಗೆ ತೋಟ.

ಖಲ್ಫಾನ್ ತಮ್ಮನನ್ನು ನೋಡದೆ ಭೀಮಪ್ಪನಿಗೇ ಹೇಳಿದ. “ಆ ಅರ ಕೆಳಗಿಡು.”

“ಕೋವಿ ನನ್ನದು” ಎಂದ ಅಬ್ದುಲ್ಲಾ.

“ಕೋವಿ ನಿನ್ನದೇ. ಮಣಿ ಅಜ್ಜ ಕೂರಿಸಿದ್ದು.” ಮುದುಕ ಬಂಡೆಯ ಮೇಲೆ ಕೂತು ಉಸಿರು ತಿರುಗಿಸಿಕೊಂಡ. “ಅಜ್ಜ ಈ ಕೋವಿಯನ್ನು ಈದಿಗೆ ಇಟ್ಟುಕೊಂಡವನಲ್ಲ. ಜಿಂಕೆಗೆ ಇಟ್ಟುಕೊಂಡವನು. ಈಗ ಬೇಟೆಗೆ ನಿಷೇಧ ಇದೆ, ಇರಬೇಕು, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಒಂದೂ ಉಳಿಯುತ್ತಿರಲಿಲ್ಲ. ಆಗ ಹಾಗಿರಲಿಲ್ಲ. ಜಿಂಕೆ ಮನುಷ್ಯನನ್ನು ನೋಡಿ ಓಡುತ್ತದೆ, ಸ್ವಲ್ಪ ದೂರ ಹೋಗಿ ಒಮ್ಮೆ ನಿಂತು ತಿರುಗಿ ನೋಡುತ್ತದೆ. ಯಾವಾಗಲೂ. ಅದು ನಿಲ್ಲುವ ದೂರಕ್ಕೆ ಈ ಮಣಿ. ಆ ಬಂಡೆ ಅದರ ಎರಡರಷ್ಟು ದೂರದಲ್ಲಿದೆ. ಅಷ್ಟು ದೂರಕ್ಕೆ ಗುಂಡು ಕೆಳಗೆ ಬೀಳದೆ ಮತ್ತೇನಾಗಬೇಕು?”

ಭೀಮಪ್ಪ ಇಬ್ಬರ ಮುಖವನ್ನೂ ನೋಡಿ, “ಹಾಗಾದರೆ ರಟ್ಟನ್ನು ಹತ್ತಿರ ತಂದು ಒಂದು ಹೊಡೆದು ನೋಡಬಹುದಲ್ಲ” ಎಂದ. ಯಂತ್ರದವನಿಗೆ ಸಹಜವಾಗಿ ಬರುವ ಮಾತು.

ಖಲ್ಫಾನ್ ಎದ್ದು ಹೊಳೆಯ ನಡುವಿನ ಒಂದು ಗಾಫ್ ಮರವನ್ನು ಕೋಲಿನಿಂದ ತೋರಿಸಿದ. ಭೀಮಪ್ಪ ರಟ್ಟನ್ನು ಆ ಮರದ ಬುಡದಲ್ಲಿ ನಿಲ್ಲಿಸಿ ಬಂದ. ಕೋವಿಯಲ್ಲಿ ಈಡು ತುಂಬಿದರು. ಆದರೆ ಹೊಡೆಯುವವರು ಯಾರು? ಅಬ್ದುಲ್ಲಾ ಕೈಕಟ್ಟಿ ನಿಂತ. ಅಣ್ಣನ ಮಾತು ನಿಜವೆಂದು ತನ್ನ ಕೈಯಾರೆ ತೋರಿಸಿಕೊಡುವ ಇರಾದೆ ಅವನಿಗಿರಲಿಲ್ಲ. ಖಲ್ಫಾನನ ಕೈ ನಡುಗುತ್ತಿತ್ತು.

“ಇವನು ಹೊಡೆಯಲಿ. ಇವನ ಕುಲವೇ ಬೇಟೆಗಾರರದ್ದಂತೆ” ಎಂದ ಅಬ್ದುಲ್ಲಾ.

ಖಲ್ಫಾನ್ ಮೊದಲ ಸಲ ಭೀಮಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಏನು ಹೊಡೆದಿದ್ದೀಯ?”

“ಏನೂ ಇಲ್ಲ” ಎಂದ ಭೀಮಪ್ಪ. “ಕುಲ ಅದೇ. ನಾನು ಹುಟ್ಟಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಕೋವಿ ಹಿಡಿದದ್ದು ನಾನು ನೋಡಿಲ್ಲ. ನನಗೆ ಹೊಡೆಯೋದು ಗೊತ್ತಿಲ್ಲ.”

ಮಾಲೀಕ ಬೈಯುತ್ತಾನೆಂದು ಅವನು ಕಾದ. ಅಬ್ದುಲ್ಲಾ ಬೈಯಲಿಲ್ಲ, ಹುಬ್ಬೇರಿಸಿದ ಅಷ್ಟೆ. ಖಲ್ಫಾನ್ ಮಾತ್ರ ಗಂಟಲಲ್ಲೇ ನಕ್ಕು, “ನನ್ನ ಮೊಮ್ಮಗನೂ ಇದನ್ನೇ ಹೇಳುತ್ತಾನೆ. ಕುಲ ಕೇಳಿದರೆ ದೊಡ್ಡದು, ಜಿಂಕೆ ಯಾವುದು ಆಡು ಯಾವುದು ಗೊತ್ತಾಗುವುದಿಲ್ಲ” ಎಂದು ಮಂಡಿಯೂರಿದ. ಮರಳಿನ ಚೀಲದ ಮೇಲೆ ನಳಿಗೆ ಊರಿದ ಮೇಲೆ ಕೈಯ ನಡುಕ ನಳಿಗೆಗೆ ಹತ್ತಲಿಲ್ಲ. ಬಹಳ ಹೊತ್ತು ಹಾಗೇ ಇದ್ದು ಕುದುರೆ ಎಳೆದ.

ರಟ್ಟಿನ ಇದ್ದಿಲ ಗುರುತಿನ ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ತೂತಾಗಿತ್ತು.

ಭೀಮಪ್ಪ ರಟ್ಟನ್ನು ಎತ್ತಿಕೊಂಡು ಬಂದು ಇಬ್ಬರ ನಡುವೆ ಇಟ್ಟ. ಅಬ್ದುಲ್ಲಾ ತೂತನ್ನು ನೋಡಿದ, ಕೋವಿಯನ್ನು ಕಂಬಳಿಯಲ್ಲಿ ಸುತ್ತಿದ, ಕಾರಿನ ಕಡೆ ನಡೆದ. ಮಸ್ಕತ್ತಿನಲ್ಲಿ ಭೀಮಪ್ಪನನ್ನು ಮನೆಯ ಮುಂದೆ ಇಳಿಸುವಾಗ, “ಜಿಂಕೆ ಹೊಡೆಯುವವರು ಯಾರು ಈಗ? ಈದ್ ಪ್ರತಿ ವರ್ಷ ಬರುತ್ತದೆ” ಎಂದ.

ಹುಲಿಗೆವ್ವನಿಗೆ ಭೀಮಪ್ಪ ಎಲ್ಲವನ್ನೂ ಹೇಳಿದ, ತಾನು ಒಪ್ಪಿಕೊಂಡದ್ದನ್ನೂ. ಅವಳು, “ಛಲೋ ಆತು ಬಿಡ್ರಿ, ಹಗುರಾತಿಲ್ಲೋ?” ಎಂದಳು. ಹಗುರವೇನೂ ಆಗಿರಲಿಲ್ಲ. ಆದರೆ ಆ ವಾರ ಗಿರಾಕಿಯೊಬ್ಬ ದೋಣಿಯ ಎಂಜಿನ್ನಿನ ಯಾವುದೋ ಭಾಗ ತಂದಾಗ ಭೀಮಪ್ಪ, “ಇದು ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ” ಎಂದುಬಿಟ್ಟ. ಗಿರಾಕಿ ಬೇರೆ ಕಡೆ ಹೋದ.

ಎರಡು ವಾರದ ಮೇಲೆ ಅಬ್ದುಲ್ಲಾ ಮತ್ತೆ ಕಂಬಳಿಯ ಗಂಟು ಹೊತ್ತು ಬಂದ. ಬಿಚ್ಚಿದಾಗ ಭೀಮಪ್ಪನಿಗೆ ಮೊದಲು ಕಂಡದ್ದು ನಳಿಗೆಯ ತುದಿ. ಮಣಿ ಇರಲಿಲ್ಲ. ಇದ್ದ ಜಾಗದಲ್ಲಿ ಉಗುರಿನ ತುದಿಗೆ ಹತ್ತುವಷ್ಟು ಬೆಳ್ಳಿಯ ಗುರುತು ಮಾತ್ರ ಇತ್ತು, ಸುತ್ತಲೂ ನಳಿಗೆಯ ಮೇಲೆ ಅರ ಜಾರಿದ ಗಾಯಗಳು.

“ನಾನೇ ತಗ್ಗಿಸಿದೆ” ಎಂದ ಅಬ್ದುಲ್ಲಾ. “ಸ್ವಲ್ಪ ತಗ್ಗಿಸಿ ಹೊಡೆದೆ, ಸಾಲಲಿಲ್ಲ. ಇನ್ನಷ್ಟು ತಗ್ಗಿಸಿದೆ. ಆಮೇಲೆ ಗುಂಡು ಗುಡ್ಡದ ಮೇಲಿಂದಲೇ ಹೋಗತೊಡಗಿತು. ಈಗ ಹತ್ತಿರದ್ದೂ ಇಲ್ಲ, ದೂರದ್ದೂ ಇಲ್ಲ.” ಅವನು ಕುರ್ಚಿಯಲ್ಲಿ ಕೂತು ಟೋಪಿ ತೆಗೆದು ಮತ್ತೆ ಹಾಕಿಕೊಂಡ. “ಹೊಸ ಮಣಿ ಮಾಡು.”

“ಮಣಿ ಮಾಡೋದು ದೊಡ್ಡ ಮಾತಲ್ಲ. ಎಷ್ಟೆತ್ತರ ಅನ್ನೋದು ನನಗೆ ಗೊತ್ತಿಲ್ಲ.”

“ಮೊದಲಿನಷ್ಟೇ.”

“ಮೊದಲು ಎಷ್ಟಿತ್ತು ಅಂತ ಅಳೆದಿಟ್ಟವರು ಯಾರು? ಎತ್ತರ ಬಿಟ್ಟು ಮಾಡಿ, ಹೊಡೆದು ನೋಡುತ್ತ ತಗ್ಗಿಸಬೇಕು. ಹೊಡೆಯುವವರಿಗೆ ಅಜ್ಜನ ದೂರ ಗೊತ್ತಿರಬೇಕು. ನಿಮ್ಮ ಅಣ್ಣನನ್ನು ಕರೀರಿ.”

“ನೀನು ಹೋಗಿ ಕೇಳು. ನಿನ್ನ ಮೇಲೆ ಅವನಿಗೆ ಸಿಟ್ಟಿಲ್ಲ.”

ಭೀಮಪ್ಪ ಇಷ್ಟು ವರ್ಷದಲ್ಲಿ ಮಾಲೀಕನಿಗೆ ಎದುರಾಡಿದವನಲ್ಲ. “ಅರ್ಬಾಬ್, ಪಂಪು ಕೆಟ್ಟರೆ ಎಲ್ಲಿಗೆ ಬೇಕಾದರೂ ಹೋಗ್ತೀನಿ” ಎಂದ. “ಇದಕ್ಕೆ ನಾನು ಹೋಗೋದಿಲ್ಲ. ಅಣ್ಣ ನಿಮ್ಮವರು.”

ಅಬ್ದುಲ್ಲಾ ಅವನನ್ನೇ ದಿಟ್ಟಿಸಿ ನೋಡಿದ. ಖಲಾಸ್ ಎಂದು ಎದ್ದುಹೋಗುತ್ತಾನೆ ಎಂದುಕೊಂಡರೆ ಹೋಗಲಿಲ್ಲ. ಫೋನು ತೆಗೆದು ಹೊರಗೆ ಬಿಸಿಲಿಗೆ ಹೋದ. ಗಾಜಿನ ಬಾಗಿಲಿನಾಚೆ ಅವನು ಗೋಡೆಯ ಕಡೆ ಮುಖ ಮಾಡಿ ಮಾತಾಡುವುದು ಕಾಣುತ್ತಿತ್ತು. ಒಳಗೆ ಬಂದು, “ಶುಕ್ರವಾರ ಬರುತ್ತಾನಂತೆ. ನನ್ನನ್ನು ಕತ್ತೆ ಅಂದ” ಎಂದ. ಧ್ವನಿಯಲ್ಲಿ ದೂರು ಅಷ್ಟಾಗಿ ಇರಲಿಲ್ಲ.

ಭೀಮಪ್ಪ ಹಳೆಯ ಮಣಿಯ ಬುಡವನ್ನು ಬಿಡಿಸಿ, ಅದೇ ಗೂಡಿಗೆ ಹಿತ್ತಾಳೆಯ ತುಂಡೊಂದನ್ನು ಬಿಗಿಯಾಗಿ ಕೂರಿಸಿದ. ಬೆಳ್ಳಿ ಬೇಕೇ ಎಂದು ಕೇಳಿದ್ದಕ್ಕೆ ಅಬ್ದುಲ್ಲಾ ಬೇಡವೆಂದ. ಅದನ್ನು ಕೆಡಿಸಿದವನು ತಾನು, ಹಿತ್ತಾಳೆಯೇ ಇರಲಿ, ಕಾಣುತ್ತಿರಲಿ ಎಂದ. ಮಣಿಯನ್ನು ಭೀಮಪ್ಪ ಬೇಕೆಂದೇ ಎತ್ತರ ಬಿಟ್ಟ. ಅರೆದು ತೆಗೆಯಬಹುದು, ಮತ್ತೆ ಸೇರಿಸಲಾಗದು.

ಶುಕ್ರವಾರ ಖಲ್ಫಾನ್ ಅವರಿಗಿಂತ ಮೊದಲೇ ಹೊಳೆಯಲ್ಲಿದ್ದ. ಜೊತೆಗೆ ಒಂದು ದೊಡ್ಡ ರಟ್ಟು ತಂದಿದ್ದ. ಅದರ ಮೇಲೆ ಇದ್ದಿಲಿನಿಂದ ಜಿಂಕೆಯೊಂದನ್ನು ಬರೆದಿದ್ದ. ಮೈ ಅಡ್ಡ, ಕತ್ತು ಹಿಂದಕ್ಕೆ ತಿರುಗಿ ನೋಡುವ ಹಾಗೆ. ಗೆರೆಗಳು ಕೈಯ ನಡುಕದಿಂದ ಅಲುಗಿದ್ದವು, ಆದರೂ ಅದು ಆಡಲ್ಲ, ಜಿಂಕೆಯೇ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಮುಂಗಾಲಿನ ಹಿಂದೆ ಒಂದು ಸಣ್ಣ ಸುತ್ತು ಹಾಕಿದ್ದ. ಗಾಫ್ ಮರದ ಹತ್ತಿರ ರಟ್ಟು ನಿಲ್ಲಿಸಲು ಹೋದಾಗ ಖಲ್ಫಾನ್ ಮರಳಿನ ಮೇಲೆ ಕೋಲಿಟ್ಟು ತೋರಿಸಿದ. ಸಣ್ಣ, ಚೂಪಾದ, ಎರಡು ಸೀಳಿನ ಗೊರಸಿನ ಗುರುತುಗಳು ತೋಟದ ನೀರಿನ ಕಾಲುವೆಯ ಕಡೆ ಹೋಗಿದ್ದವು.

“ನೀರಿಗೆ ಬರುತ್ತವೆ. ಮೂರು ನಾಲ್ಕು ಇರಬೇಕು. ಎಷ್ಟೋ ವರ್ಷ ಈ ಕಡೆ ಒಂದೂ ಇರಲಿಲ್ಲ” ಎಂದ. ತಮ್ಮನಿಗೂ ಕೇಳಲಿ ಎಂಬಂತೆ ಸ್ವಲ್ಪ ಜೋರಾಗಿ ಹೇಳಿದ. ಅಬ್ದುಲ್ಲಾ ಬಗ್ಗಿ ಗುರುತು ನೋಡಿದ. ರಟ್ಟು ನಿಲ್ಲಿಸುವಾಗ ಅವುಗಳ ಮೇಲೆ ಕಾಲಿಡದಂತೆ ಸುತ್ತಿ ಬಂದ.

ಕೆಲಸ ಶುರುವಾಯಿತು. ಅಬ್ದುಲ್ಲಾ ಹಿತ್ತಾಳೆಯ ಲೋಟದಲ್ಲಿ ಮದ್ದು ಅಳೆದು ಈಡು ತುಂಬುವುದು, ಖಲ್ಫಾನ್ ಚೀಲದ ಮೇಲೆ ಊರಿ ಹೊಡೆಯುವುದು, ಭೀಮಪ್ಪ ಹೋಗಿ ತೂತು ನೋಡಿಬಂದು ಮಣಿಗೆ ಅರ ಹಚ್ಚುವುದು. ಮೊದಲ ಗುಂಡು ರಟ್ಟಿನ ಜಿಂಕೆಯ ಕಾಲ ಕೆಳಗೆ ಮರಳಿಗೆ ಹೋಯಿತು. ಭೀಮಪ್ಪ ಮೂರು ಎಳೆತ ಎಳೆದ. ಮುಂದಿನದು ಗೊರಸಿಗೆ. ಮತ್ತೆ ಮೂರು ಎಳೆತ. ಮಂಡಿಗೆ ಬಂತು. ಪ್ರತಿ ಈಡಿನ ನಂತರ ನಳಿಗೆಯ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಮುಂದಿನ ಗುಂಡು ಬಿಗಿಯಾಗಿ ಬೇರೆ ದಾರಿ ಹಿಡಿಯುತ್ತದೆ. ಒಮ್ಮೆ ಒರೆಸುವುದು ಮರೆತು ಹೊಡೆದಾಗ ಗುಂಡು ಕೊಂಬಿನ ಹತ್ತಿರ ಹೋಯಿತು. ಭೀಮಪ್ಪ ಹೆದರಿ, ಹೆಚ್ಚು ಅರೆದುಬಿಟ್ಟೆನೇ ಎಂದು ಮಣಿಯನ್ನೇ ನೋಡುತ್ತ ನಿಂತ. ಖಲ್ಫಾನ್, “ಮಣಿ ಮುಟ್ಟಬೇಡ. ಒರೆಸಿ ಇನ್ನೊಂದು” ಎಂದ. ಒರೆಸಿ ಹೊಡೆದದ್ದು ಹೊಟ್ಟೆಯ ಕೆಳಗೆ ಸರಿಯಾಗಿ ಬಿತ್ತು.

ಬಿಸಿಲೇರಿತು. ಖಲ್ಫಾನನ ಹೆಂಡತಿ ಫ್ಲಾಸ್ಕಿನಲ್ಲಿ ಕಳಿಸಿದ್ದ ಕಹ್ವಾ ಕಾಫಿಯನ್ನು ಖರ್ಜೂರದ ಜೊತೆ ಮೂವರೂ ಕುಡಿದರು. ಅಣ್ಣತಮ್ಮಂದಿರ ನಡುವೆ ಆಗುತ್ತಿದ್ದದ್ದು ಕೋವಿಯ ಮಾತು ಮಾತ್ರ. ಮದ್ದು ಗಟ್ಟಿಯಾಗಿ ಜಡಿಯಬೇಡ. ಕಲ್ಲು ಸಡಿಲಾಗಿದೆ ನೋಡು. ಬಟ್ಟೆ ತೆಳ್ಳಗಾಯಿತು. ಆದರೂ ಒಂದು ಸಲ ಅಬ್ದುಲ್ಲಾ ಅಣ್ಣನ ಲೋಟಕ್ಕೆ ಕೇಳದೆಯೇ ಕಹ್ವಾ ಬಗ್ಗಿಸಿದ್ದನ್ನು ಭೀಮಪ್ಪ ನೋಡಿದ.

ಕೊನೆಯ ಎಳೆತ ಒಂದೇ ಒಂದು. ಖಲ್ಫಾನ್ ಹೊಡೆದ. ಭೀಮಪ್ಪ ಹೋಗಿ ನೋಡಿದರೆ ಸುತ್ತಿನೊಳಗೆ ತೂತು. ಇನ್ನೊಂದು ಹೊಡೆದಾಗ ಎರಡು ತೂತುಗಳು ಒಂದರೊಳಗೊಂದು ಸೇರಿಕೊಂಡವು. ಭೀಮಪ್ಪ ಅರವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ.

ಖಲ್ಫಾನ್ ಕೋವಿಗೆ ಮತ್ತೊಂದು ಈಡು ತುಂಬಿಸಿ ಭೀಮಪ್ಪನ ಕಡೆ ಹಿಡಿದ. “ನೀನೊಂದು ಹೊಡಿ. ಇಲ್ಲಿ ನೋಡುವವರು ಯಾರೂ ಇಲ್ಲ. ನಿನ್ನ ಅಜ್ಜಂದಿರ ಹೆಸರಿನಲ್ಲಿ.”

ಭೀಮಪ್ಪ ಬಂಡೆಯ ಹಿಂದೆ ಮಂಡಿಯೂರಿದ. ಹಿಡಿಯನ್ನು ಕೆನ್ನೆಗೆ ತಂದುಕೊಂಡ. ಕಚ್ಚಿನೊಳಗೆ ತಾನೇ ಮಾಡಿದ ಹಿತ್ತಾಳೆಯ ಮಣಿ ಬಂದು ಕೂತಿತು, ಅದರಾಚೆ ಕತ್ತು ತಿರುಗಿಸಿದ ಇದ್ದಿಲ ಜಿಂಕೆ. ಕುದುರೆಯ ಮೇಲೆ ಬೆರಳು ಇಡಲಿಲ್ಲ. ಹಾಗೇ ನೋಡುತ್ತ ಇದ್ದು, ಕೋವಿಯನ್ನು ಚೀಲದ ಮೇಲೆ ಬಿಟ್ಟು ಎದ್ದ.

“ಬೇಡ. ವೀಸಾದವನು ನಾನು” ಎಂದ.

ಅದು ಕಾರಣವೇ. ಇನ್ನೊಂದೂ ಇತ್ತು, ಅದನ್ನು ಅವನು ಆ ರಾತ್ರಿ ಹುಲಿಗೆವ್ವನಿಗೆ ಮಾತ್ರ ಹೇಳಿದ. “ಬಿದ್ದಿದ್ರ ಛಲೋ. ಬೀಳದಿದ್ರ? ಇಷ್ಟ್ ದಿನ ನಮ್ಮ ಕುಲ ಹಂಗ, ಹಿಂಗ ಅಂತ ಹೇಳ್ಕೋತ ಬಂದೀನಿ. ತಪ್ಪಿದ್ರ ಮುಂದ ಅದನ್ನೂ ಹೇಳಾಕ ಬರ್ತಿದ್ದಿಲ್ಲ.”

“ಹೊಡೀಬೇಕಿತ್ತು” ಎಂದಳು ಹುಲಿಗೆವ್ವ. “ತಪ್ಪಿದ್ರ ತಪ್ಪಲಿ. ನಾ ಅಂತೂ ಹೊಡೀತಿದ್ನಿ ನೋಡ್ರಿ.” ಅವಳು ಹೊಡೆಯುತ್ತಿದ್ದಳು ಎನ್ನುವುದರಲ್ಲಿ ಭೀಮಪ್ಪನಿಗೆ ಸಂಶಯವಿರಲಿಲ್ಲ.

ಈದ್ ಬಂತು. ಭೀಮಪ್ಪನನ್ನೂ ಕರೆದಿದ್ದರು. ಆದರೆ ಬರ್ಕಾದ ತೋಟವೊಂದರಲ್ಲಿ ಪಂಪಿನ ಶಾಫ್ಟು ಮುರಿದು ಅವನಿಗೆ ಹೋಗಲಾಗಲಿಲ್ಲ. ನಡೆದದ್ದನ್ನು ಅಬ್ದುಲ್ಲಾ ಆಮೇಲೆ ವರ್ಕ್‌ಶಾಪಿಗೆ ಬಂದು ಹೇಳಿದ. ಅಣ್ಣ ಹೇಳಿಕೊಟ್ಟಂತೆ, ಗುಂಡು ಕೆಳಗಿಳಿಯುವ ಲೆಕ್ಕ ಹಿಡಿದು, ಬಿಳಿ ಬಂಡೆಯ ಮೇಲಿನ ಪೊದೆಗೆ ಗುರಿ ಹಿಡಿದು ಹೊಡೆದನಂತೆ. ಗುಂಡು ಬಂಡೆಯ ಬುಡದಲ್ಲಿ ಬಿತ್ತು. ಊರವರು ಸುಳ್ಳುಬುರುಕಿ ಎಂದು ಕೂಗುವ ಮೊದಲೇ ಖಲ್ಫಾನ್ ಎದ್ದು ನಿಂತು, ಕೋವಿಯದ್ದೇನೂ ತಪ್ಪಿಲ್ಲ, ತಾನು ನೋಡಿದ್ದೇನೆ, ಕೊನೆಯ ಕ್ಷಣದಲ್ಲಿ ತಮ್ಮ ಕಣ್ಣು ಮುಚ್ಚಿದ ಎಂದುಬಿಟ್ಟನಂತೆ. ಎಲ್ಲರೂ ನಕ್ಕರಂತೆ.

“ಮುಚ್ಚಿದ್ದಿರೇನು?” ಭೀಮಪ್ಪ ಕೇಳಿದ.

“ಮುಚ್ಚಿರಬೇಕು” ಎಂದ ಅಬ್ದುಲ್ಲಾ.

ಈಗ ಅಣ್ಣತಮ್ಮಂದಿರು ಚಳಿಗಾಲದ ಶುಕ್ರವಾರಗಳಲ್ಲಿ ಹೊಳೆಗೆ ಹೋಗುತ್ತಾರೆ. ತಮ್ಮ ಹೊಡೆಯುತ್ತಾನೆ, ಅಣ್ಣ ಪಕ್ಕದಲ್ಲಿ ಕೂತು ಬೈಯುತ್ತಾನೆ. ತೋಟದ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಭೀಮಪ್ಪನನ್ನು ಮತ್ತೆ ಕರೆದಿಲ್ಲ. ಕೋವಿಯ ರಿಪೇರಿ ಮುಗಿದಿದೆ, ಕರೆಯಲು ಕಾರಣವೂ ಇಲ್ಲ. ಕೆಲವು ವಾರ ಅವನು ಶುಕ್ರವಾರ ಬೆಳಿಗ್ಗೆ ಅದೇ ಹೊತ್ತಿಗೆ ಎದ್ದು, ಮೋರೆ ತೊಳೆದು, ಎಲ್ಲಿಗೂ ಹೋಗಬೇಕಾಗಿಲ್ಲವೆಂದು ನೆನಪಾಗಿ ಬಾಲ್ಕನಿಯಲ್ಲಿ ನಿಲ್ಲುತ್ತಿದ್ದ. ಇದನ್ನು ನೋಡಿ ಹುಲಿಗೆವ್ವ ಒಂದು ಶುಕ್ರವಾರ ಅವನ ಕೈಗೆ ಕೈಚೀಲ ಕೊಟ್ಟು, “ನಡೀರಿ, ಸೀಬಿನ ಮೀನಿನ ಪ್ಯಾಟಿಗೆ ಹೋಗಿ ಮೀನು ತರೂಣು. ಎದ್ದೇ ಎದ್ದೀರಿ” ಎಂದಳು. ಇಬ್ಬರೂ ಹೋದರು. ಆ ಹೊತ್ತಿಗೆ ದೋಣಿಗಳು ಬಂದಿದ್ದವು, ಮೀನು ಒಳ್ಳೆಯದಿತ್ತು.